ಎಲ್ಲ ಮೈಕೂ ಮಂಕು

ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಮೈಕುಗಳು, ಏನಮ್ಮ ಮತ್ತೆ ಬಂದ್ಯಾ ಅನ್ನೋ ಹಾಗೆ ಇವಳನ್ನೇ ನೋಡ್ತಿವೆ — ಬಂದೆ ಕಣ್ರಪ್ಪಾ, ಬರದೆ ಏನು ಮಾಡಲಿ, ಇದು ಮೂರನೇ ಸಲ, ಶನಿವಾರ ಮಧ್ಯಾಹ್ನ ಜನ ಉಂಡು ಕಾಲು ಚಾಚಿ ಮಲಗ್ತಾರೆ, ಇವಳು ಮಾತ್ರ ಗಂಡನ ಹಿಂದೆ ರಟ್ಟಿನ ಡಬ್ಬಿ ಹಿಡಿದು ನಿಲ್ಲಬೇಕು, ಯಾವ ಮುಖ ಹೊತ್ತುಕೊಂಡು ಅನ್ನೋದು ಬೇರೆ ಮಾತು. ಗಂಡ ಆಗಲೇ ಡಬ್ಬಿಯನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟು ಇದೂ ಮಂಕು ಅಂದುಬಿಟ್ಟ. ಅಂಗಡಿಯವನು — ಗಡ್ಡ, ಅಂತಲೇ ಮನೆಯಲ್ಲಿ ಇಬ್ಬರೂ ಅವನನ್ನು ಕರೆಯೋದು — ಸರ್, ಇದನ್ನ ತಗೊಂಡೋರು ಯಾರೂ ಹಂಗಂದಿಲ್ಲ ಸರ್, ಅಂದ, ನಗ್ತಾನೇ ಅಂದ, ಅವನ ತಾಳ್ಮೆಗೆ ಕೈ ಮುಗೀಬೇಕು, ಇವಳದ್ದು ಮುಗಿದು ಎಷ್ಟೋ ದಿನ ಆಯ್ತು.

ತಪ್ಪು ಇವಳದ್ದೂ ಇದೆ, ಇಲ್ಲ ಅನ್ನಲ್ಲ. ಮದುವೆಯಾದ ಹೊಸತರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಕೂತು ಇಬ್ಬರೂ ಕಟ್ಟಿದ ಹಾಡುಗಳು, ಇವಳು ಪದ ಜೋಡಿಸೋದು, ಅವನು ಗಿಟಾರಿನಲ್ಲಿ ರಾಗ ಹುಡುಕೋದು, ಒಟ್ಟು ಎಂಟು, ಎಲ್ಲೂ ಬರೆದಿಟ್ಟಿಲ್ಲ, ಹೋದ ಚಳಿಗಾಲದಲ್ಲಿ ಬಟ್ಟೆ ಮಡಚುತ್ತಾ ಎರಡನೇ ಹಾಡು ಗುನುಗಿದರೆ ಮೂರನೇ ಸಾಲು ಇಲ್ಲ, ರೀ, ಮುಂದೇನು ರೀ ಅಂದರೆ ಅವನಿಗೂ ಇಲ್ಲ, ಇಬ್ಬರೂ ಮುಖ ಮುಖ ನೋಡಿಕೊಂಡರು. ಮಿಕ್ಕಿದ್ದನ್ನಾದರೂ ಹಿಡಿದಿಡೋಣ ರೀ, ಇಲ್ಲದಿದ್ದರೆ ನಮ್ಮ ಜೊತೆಗೇ ಮಣ್ಣಾಗ್ತವೆ — ಅಂದಿದ್ದು ಇವಳೇ. ಫೋನಲ್ಲೇ ರೆಕಾರ್ಡ್ ಮಾಡಿ ಅಂದಳು ಮಗಳು. ಫೋನಾ, ಅಂತ ಅವನು ಮಗಳನ್ನು ನೋಡಿದ ನೋಟ ಇದೆಯಲ್ಲ, ಅಲ್ಲಿಂದ ಶುರು, ಊಟಕ್ಕೆ ಕೂತರೆ ಮೈಕು, ಮೈಗೆ ನೀರು ಹಾಕ್ಕೊಳ್ತಾ ಒಳಗಿಂದಲೇ ಮೈಕು, ಕಡಿಮೆ ಬೆಲೆಯದ್ದಾಗಬೇಕು, ಒಳ್ಳೇದೂ ಆಗಬೇಕು, ದನಿಗೊಂದು ಗಿಟಾರಿಗೊಂದು ಮೈಕು ಸಿಕ್ಕಿಸೋಕೆ ಎರಡು ತೂತಿನ ಪುಟ್ಟ ಪೆಟ್ಟಿಗೆ ಬೇಕು, ಇಂಟರ್‌ಫೇಸ್ ಅಂತಾರೆ ಅದಕ್ಕೆ, ಬಂತು, ಊಟದ ಮೇಜಿನ ಮೇಲೆ ಕೆಂಪು ದೀಪ ಹಚ್ಕೊಂಡು ಕೂತಿದೆ. ಮೊದಲನೇ ಮೈಕು ಡೈನಮಿಕ್, ಸುತ್ತಲಿನ ಗಲಾಟೆ ಜಾಸ್ತಿ ಎಳೆಯಲ್ಲ, ನಮ್ಮಂಥ ಮನೆಗೆ ಸರಿ — ಮಂಕು ಅಂದ, ವಾಪಸ್ಸು. ಎರಡನೇದು ಕಂಡೆನ್ಸರ್, ಸೊಳ್ಳೆ ಹಾರಿದರೂ ಹಿಡಿಯುತ್ತೆ ಅಂದಿದ್ದ ಗಡ್ಡ, ಸುಳ್ಳಲ್ಲ, ಪಕ್ಕದ ಮನೆಯ ನಲ್ಲಿ, ಮೇಲಿನವರ ಚಪ್ಪಲಿ, ಎಲ್ಲಾ ಹಿಡೀತು, ಕಿಟಕಿಗೆ ಕಂಬಳಿ ಬಂತು, ಬಾಗಿಲಿಗೆ ಹಾಸಿಗೆ ಬಂತು, ಸದ್ದು ಬೇಡ ಅಂತ ಆರಿಸಿದ ಫ್ರಿಜ್ಜನ್ನು ಮತ್ತೆ ಹಾಕೋದು ಮರೆತು ಎರಡು ಲೀಟರ್ ಹಾಲು ಕೆಟ್ಟುಹೋಯ್ತು — ಮಂಕು ಅಂದ, ವಾಪಸ್ಸು. ಮೂರನೇದು ಗಿಟಾರಿಗೆ ಅಂತಲೇ ಇರೋ ಬೆರಳುದ್ದದ್ದು, ಈಗ ಮೇಜಿನ ಮೇಲೆ ಮಲಗಿದೆ, ಪಾಪ ಅದರ ತಪ್ಪೇನು.

ಮನೆಯಲ್ಲಿ ಹಾಡಿಸುವಾಗ, ನಿನ್ನ ಸ, ಶ ಎಲ್ಲ ಮೈಕು ನುಂಗ್ತಿದೆ ಕಣೇ, ಒತ್ತಿ ಹಾಡು ಅಂದ, ಒತ್ತಿದಳು, ಹಲ್ಲು ಬಿಗಿದು ಒತ್ತಿದಳು, ಹಾಡು ಹೋಗಿ ಹಾವು ಬುಸುಗುಟ್ಟಿದ ಹಾಗಾಯ್ತು, ಸಾಲದು ಅಂತ ಅವನು ಕಂಪ್ಯೂಟರಿನಲ್ಲಿ ಟ್ರೆಬಲ್, ಅಂದರೆ ಸಣ್ಣ ಚೂಪು ಸದ್ದೆಲ್ಲ, ಏರಿಸಿ ಏರಿಸಿ, ಈಗ ಸ್ವಲ್ಪ ಜೀವ ಬಂತು ನೋಡು ಅಂತ ಮಗಳ ತಲೆಗೆ ಹೆಡ್‌ಫೋನ್ ಹಾಕಿದ, ಅವಳು ಕಿತ್ತಿಟ್ಟು ಅಪ್ಪಾ ಇದೇನು ಕಿವಿಗೆ ಸೂಜಿ ಚುಚ್ಚಿದ ಹಾಗಿದೆ ಅಂದಳು, ನಿಮಗೆಲ್ಲ ಏನು ಗೊತ್ತು ಸಂಗೀತ ಅಂದ. ಇವಳಿಗೂ ಚುಚ್ಚಿತ್ತು. ಹೇಳಲಿಲ್ಲ, ಹೇಳಿದರೆ ಇನ್ನೊಂದು ವಾರ ಜಗಳ, ಕನ್ನಡಕದಂಗಡಿಯಲ್ಲಿ ದಿನವಿಡೀ ನಿಂತು ಬಂದವರ ಕಣ್ಣಿಗೆ ಗಾಜು ಇಟ್ಟು, ಇದು ಸ್ಪಷ್ಟನಾ, ಅದು ಸ್ಪಷ್ಟನಾ, ಇನ್ನೊಮ್ಮೆ ನೋಡಿ ಹೇಳಿ ಅಂತ ನಾಲಿಗೆ ಒಣಗಿಸಿಕೊಂಡು ಮನೆಗೆ ಬಂದರೆ ಮನೆಯಲ್ಲೂ ಅದೇ ಕೆಲಸ, ಸಂಬಳ ಮಾತ್ರ ಇಲ್ಲ.

ಸರ್, ಒಂದು ಕೆಲಸ ಮಾಡೋಣ, ಅಂತ ಗಡ್ಡ ಗೋಡೆಯಿಂದ ಗಿಟಾರು ಇಳಿಸಿದ, ನೀವೇ ನುಡಿಸಿ, ಇಲ್ಲೇ ರೆಕಾರ್ಡ್ ಮಾಡಿ ಇಲ್ಲೇ ಕೇಳೋಣ, ಅಕ್ಕ ನೀವೂ ಕೇಳಿ, ಅಂತ ಇಬ್ಬರಿಗೂ ಒಂದೊಂದು ಹೆಡ್‌ಫೋನ್ ಕೊಟ್ಟ. ಗಂಡ ನುಡಿಸಿದ, ಐದನೇ ಹಾಡಿನ ಶುರು, ಏನೇ ಹೇಳಿ, ಗಿಟಾರು ಹಿಡಿದರೆ ಆ ಕೈಯೇ ಬೇರೆ, ಬೈಕೊಂಡಿದ್ದೆಲ್ಲ ಅರ್ಧ ಮರೆತುಹೋಗುತ್ತೆ, ಆಮೇಲೆ ಗಡ್ಡ ಅದನ್ನೇ ಹಾಕಿದ, ಅಬ್ಬಾ, ಎಷ್ಟು ಚೆನ್ನಾಗಿದೆ, ಕಿವಿಯ ಪಕ್ಕದಲ್ಲೇ ಕೂತ ಹಾಗೆ, ಉಗುರು ತಾಗಿದ್ದು, ಅವನು ಉಸಿರೆಳೆದಿದ್ದು, ಬೆರಳು ತಂತಿ ಮೇಲೆ ಜಾರಿ ಕೀಚ್ ಅಂದಿದ್ದು. ಗಂಡ ಹೆಡ್‌ಫೋನ್ ಕೆಳಗಿಟ್ಟ. ನೋಡಿ, ಬೆರಳು ಜಾರಿಸಿದ್ದು ಬಂದೇ ಇಲ್ಲ, ಆ ಕೀಚ್ ಇಲ್ಲದಿದ್ದರೆ ಅದು ಗಿಟಾರೇ ಅಲ್ಲ ಕಣ್ರೀ. ಬಂದೇ ಇಲ್ವಾ, ನಿಮ್ಮ ತಲೆ, ನಂಗೆ ಕೇಳಿಸ್ತಲ್ಲ — ಬಾಯಿಯ ತುದಿಗೆ ಬಂದಿತ್ತು, ಬೈಯೋಕೆ ಉಸಿರೂ ತಗೊಂಡಿದ್ದಳು, ಆ ಉಸಿರು ಅಲ್ಲೇ ನಿಂತಿತು. ಕನ್ನಡಕದಂಗಡಿಗೆ ವಾರಕ್ಕೊಬ್ಬರಾದರೂ ಬರ್ತಾರೆ, ನನ್ನ ಕಣ್ಣಿಗೇನೂ ಆಗಿಲ್ಲಮ್ಮ, ಈ ಪೇಪರಿನವರೇ ಇತ್ತೀಚೆಗೆ ಮಸುಕಾಗಿ ಅಚ್ಚು ಹಾಕ್ತಾರೆ, ಮಗ ಕರ್ಕೊಂಡು ಬಂದ ಅಂತ ಬಂದೆ — ಅವರು ಹೋದಮೇಲೆ ಇವಳೇ ಎಷ್ಟು ನಕ್ಕಿದ್ದಾಳೆ. ಇಲ್ಲ, ಹಾಗಿರಲಿಕ್ಕಿಲ್ಲ, ಹೆಡ್‌ಫೋನ್ ಕೆಟ್ಟಿರಬೇಕು, ತನ್ನದನ್ನು ತೆಗೆದು ಅವನ ತಲೆಗಿಟ್ಟಳು, ಅವನದನ್ನು ತಾನು ಹಾಕಿಕೊಂಡಳು, ಇನ್ನೊಂದ್ಸಲ ಹಾಕಪ್ಪ. ಹಾಕಿದ. ಕೀಚ್. ಅವನು ತಲೆ ಅಲ್ಲಾಡಿಸಿದ, ಇಲ್ಲ, ಇದರಲ್ಲೂ ಇಲ್ಲ.

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕೊಯ್ಯೋ ಮಷೀನಿನ ಮುಂದೆ, ಕಿವಿ ಮುಚ್ಚಿಕೊಳ್ಳೋಕೆ ಅಂತ ಕೊಟ್ಟಿದ್ದನ್ನು ಮೊಳೆಗೆ ನೇತುಹಾಕಿ, ಯಾಕೆ ರೀ ಹಾಕ್ಕೊಳ್ಳಲ್ಲ ಅಂದರೆ ಬ್ಲೇಡು ಹಾಡೋದು ಕೇಳಬೇಕು ಕಣೇ, ಆರನೇ ಹಾಡಿನ ರಾಗ ಸಿಕ್ಕಿದ್ದೇ ಅದರಿಂದ ಅಂತ ಜಂಬ ಕೊಚ್ಚಿದವನು, ಇವಳೂ ಹೌದಾ ಅಂತ ಖುಷಿಪಟ್ಟವಳು, ದಡ್ಡಿ, ದಡ್ಡಿ, ವಾಷಿಂಗ್ ಮಷೀನು ಕುಂಯ್ ಕುಂಯ್ ಅಂತ ಬಡ್ಕೊಂಡರೂ ಏಳಲ್ಲ ಸೋಮಾರಿ ಅಂತ ಎಷ್ಟು ಬೈದಿಲ್ಲ, ನೀನು ಬಾಯೊಳಗೇ ಮಾತಾಡ್ತೀಯ ಅಂದಾಗೆಲ್ಲ ನಿಮಗೆ ನನ್ನ ಮಾತು ಬೇಕಾಗಿಲ್ಲ ಬಿಡಿ ಅಂತ ಎಷ್ಟು ಅತ್ತಿಲ್ಲ, ಮೈಕುಗಳ ತಪ್ಪಲ್ಲ, ಯಾವುದರ ತಪ್ಪೂ ಅಲ್ಲ, ಅಯ್ಯೋ ದೇವರೇ, ಇವನಿಗೆ ಗೊತ್ತೇ ಇಲ್ಲ. ಗಡ್ಡನಿಗೆ ಗೊತ್ತಾಯ್ತಾ, ಅವನು ವೈರು ಸುತ್ತುತ್ತಾ ತಲೆ ಬಗ್ಗಿಸಿದ್ದಾನೆ, ಗೊತ್ತಾಗಿದೆ. ಈ ಸದ್ದು ಬರಬೇಕು ನೋಡಿ, ಅಂತ ಗಂಡ ಮೈಕು ಬಿಟ್ಟು, ಹೆಡ್‌ಫೋನ್ ಬಿಟ್ಟು, ಬರೀ ಗಿಟಾರನ್ನು ಎದೆಗೊತ್ತಿ ದಪ್ಪ ತಂತಿಯ ಮೇಲೆ ಬೆರಳು ಜಾರಿಸಿದ, ಕೀಚ್ ಅಂತು, ಅಂಗಡಿಯ ತುಂಬ ಅಂತು, ಅವನ ಹುಬ್ಬು ಗಂಟಾಯ್ತು. ಇನ್ನೊಮ್ಮೆ ಜಾರಿಸಿದ. ತಂತಿ ಹಳೇದು ಅನಿಸುತ್ತೆ, ಅಂದ, ದನಿ ಸಣ್ಣಗಾಗಿತ್ತು, ಇವಳ ಕಡೆ ತಿರುಗಿದ, ಲೇ, ನಿಂಗೆ ಕೇಳಿಸ್ತಾ? ಇಲ್ಲ ಅಂದುಬಿಡಲಾ, ಇದೂ ಮಂಕು ರೀ, ನಾಲ್ಕನೇದು ನೋಡೋಣ, ಐದನೇದು ನೋಡೋಣ, ಬರ್ತಾ ಇರೋಣ ಶನಿವಾರ ಶನಿವಾರ, ಆದರೆ ಅವನು ಕೇಳ್ತಿರೋ ರೀತಿಯೇ ಬೇರೆ, ಮದುವೆಯಾದಾಗಿನಿಂದ ಇವಳನ್ನು ಹೀಗೆ ಏನನ್ನೂ ಕೇಳಿಲ್ಲ, ಕೇಳಿಸ್ತು ರೀ, ಅಂದಳು, ಅವನ ಕಣ್ಣಿಗೆ ಕಾಣೋ ಹಾಗೆ ತುಟಿ ಬಿಡಿಸಿ ಇನ್ನೊಮ್ಮೆ ಅಂದಳು, ಕೇಳಿಸ್ತು, ಚೆನ್ನಾಗೇ ಕೇಳಿಸ್ತು. ಅವನು ಗಿಟಾರಿನ ಮೇಲೆ ಬಗ್ಗಿ, ಮರಕ್ಕೆ ಕಿವಿ ತಾಗಿಸಿ, ಬೆರಳನ್ನು ಮೇಲಿಂದ ಕೆಳಕ್ಕೆ, ನಿಧಾನವಾಗಿ, ಉಗುರು ಬೆಳ್ಳಗಾಗೋ ಹಾಗೆ ಒತ್ತಿ, ಮತ್ತೆ ಮೇಲಿಂದ ಕೆಳಕ್ಕೆ, ಬೆರಳು ಜಾರುತ್ತದೆ, ಕೀಚ್, ಬೆರಳು ಜಾರುತ್ತದೆ, ಬೆರಳು