ಒಮ್ಮತದ ಅಭ್ಯಾಸ

ಆ ಪರೀಕ್ಷೆಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ, ಕಂಪನಿಯೊಂದರ ಸಮಸ್ಯೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಚರ್ಚಿಸಿ ಕೊನೆಗೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬರಬೇಕು. ಜಗಳವಾಡಿದರೆ ಅಂಕ ಹೋಯಿತು, ಬಾಯಿಗೆ ಬೀಗ ಹಾಕಿ ಕೂತರೂ ಹೋಯಿತು. ಪಾಸಾದವರಿಗೆ ಮಾತ್ರ ಆಫೀಸಿನಲ್ಲಿ ಕುರ್ಚಿ ಎಂದು ಕಾರ್ಖಾನೆಯ ಹೊಸ ಮಾಲೀಕರು ಹೇಳಿಬಿಟ್ಟಿದ್ದರು.

ನನಗೆ ಜೋಡಿಯಾದವಳು ಬಿಲ್ಲಿಂಗಿನ ಮೆಣಸಿನಕಾಯಿ. ಬಾಯಿ ಈ ಅಡ್ಡಹೆಸರಿಗೆ ತಕ್ಕಂತೆ. ಇಂಗ್ಲಿಷ್ ಮಾತ್ರ ನನ್ನ ಹಾಗೆಯೇ ಅಷ್ಟಕ್ಕಷ್ಟೆ. ಮ್ಯಾನೇಜರ್ ತಾವಾಗಿಯೇ ಬಂದು, ಕೆಲಸ ಮುಗಿದ ಮೇಲೆ ಮೀಟಿಂಗ್ ರೂಮಿನಲ್ಲಿ ಅಭ್ಯಾಸ ಮಾಡಿಸುತ್ತೇನೆಂದರು. ಪುಕ್ಕಟೆಯಾಗಿ ಯಾರಿಗೂ ಒಂದು ಗುಂಡುಸೂಜಿ ಕೊಟ್ಟವರಲ್ಲ ಅವರು. ಟೇಬಲ್ಲಿನ ಮೇಲೆ ತಮ್ಮ ಫೋನಿಟ್ಟು ರೆಕಾರ್ಡ್ ಮಾಡುತ್ತಿದ್ದರು.

"ನಿಮ್ ತಪ್ಪು ನಿಮಗೇ ಕೇಳಿಸ್ಲಿ ಅಂತ," ಅಂದರು.

ಮೊದಲ ವಿಷಯ, ಕ್ಯಾಂಟೀನು ಇರಬೇಕೋ ಮುಚ್ಚಬೇಕೋ. ಇರಲಿ ಎಂದೇ ನಮ್ಮಿಬ್ಬರ ಮನಸ್ಸು. ಆದರೆ ಖರ್ಚು, ಉಳಿತಾಯ, ದಕ್ಷತೆ ಎಂದು ಪುಸ್ತಕದಿಂದ ಉರು ಹೊಡೆದ ಪದಗಳೆಲ್ಲ ಮುಚ್ಚುವ ಕಡೆಯವೇ. ಇಂಗ್ಲಿಷ್ ಎತ್ತ ಎಳೆಯಿತೋ ಅತ್ತ ಹೋದೆವು. ಮುಚ್ಚೋಣ ಎಂದು ಒಮ್ಮತಕ್ಕೆ ಬಂದೆವು. ಮುಂದಿನ ವಾರ ಕ್ಯಾಂಟೀನಿನ ಬಾಗಿಲಿಗೆ ಬೀಗ ಬಿದ್ದಿತ್ತು.

"ನಮ್ ನಾಲಿಗೇಲಿ ಮಚ್ಚೆ ಇದೆ ಕಣೇ," ಎಂದು ಮೆಣಸಿನಕಾಯಿ ನಕ್ಕಳು. ನಾನೂ ನಕ್ಕೆ.

ಆಮೇಲೆ ಸಿಬ್ಬಂದಿಯ ಬಸ್ಸಿನ ಬಗ್ಗೆ ಚರ್ಚಿಸಿದೆವು. ಬಸ್ಸೂ ನಿಂತಿತು. ಈ ಸಲ ಇಬ್ಬರೂ ನಗಲಿಲ್ಲ.

ಮ್ಯಾನೇಜರ್ ಕೊಟ್ಟ ಮೂರನೆಯ ವಿಷಯದ ಚೀಟಿಯನ್ನು ಎರಡು ಸಲ ಓದಿದೆ. ಪ್ಯಾಕಿಂಗ್ ಕೆಲಸವನ್ನು ಹೊರಗಿನವರಿಗೆ ವಹಿಸಬೇಕೇ, ಬೇಡವೇ? ನನ್ನ ಅಕ್ಕ ಇರುವುದು ಪ್ಯಾಕಿಂಗಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆಗಳಿಗೆ ಟೇಪು ಅಂಟಿಸಿ ಅಂಟಿಸಿಯೇ ಅವಳು ನನ್ನನ್ನು ಓದಿಸಿದಳು. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ.

"ಸರ್, ಇದು ಬೇಡ. ಬೇರೆ ಕೊಡಿ," ಎಂದೆ.

"ಇಲ್ಲಿ ಇಂಗ್ಲಿಷ್ ಮಾತ್ರ," ಮ್ಯಾನೇಜರ್ ಮೆತ್ತಗೆ ಹೇಳಿದರು. "ಪರೀಕ್ಷೇಲಿ ಹೀಗೆ ಮಾಡಿದ್ರೆ ನೇರವಾಗಿ ಫೇಲು."

ಅಕ್ಕ ಕಟ್ಟಿದ ಒಂದು ಪೆಟ್ಟಿಗೆಯೂ ಒಡೆದು ವಾಪಸ್ ಬಂದದ್ದಿಲ್ಲ ಎಂದು ಹೇಳಬೇಕಿತ್ತು. ತಡಕಾಡಿದೆ, ತೊದಲಿದೆ. ಜೊತೆಗಾರರು ತಡವರಿಸಿದರೆ ಮಾತು ಎತ್ತಿಕೊಡಬೇಕೆಂಬುದು ಪರೀಕ್ಷೆಯ ಪದ್ಧತಿ. ಪಾಪ, ಮೆಣಸಿನಕಾಯಿ ಎತ್ತಿಕೊಟ್ಟಳು. ತಡ, ಹಾನಿ, ಖರ್ಚು, ಅವಳಿಗೆ ಬರುವ ಪದಗಳೆಲ್ಲ ಹೊರಗೆ ವಹಿಸುವ ಕಡೆಯವೇ. ನಾನು ಎದ್ದು ಹೊರಗೆ ಹೋಗಬಹುದಿತ್ತು. ಆಫೀಸಿನ ಕುರ್ಚಿ ಕಣ್ಣ ಮುಂದೆ ಬಂತು. ಬರೀ ಅಭ್ಯಾಸ ತಾನೇ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು, ಉರು ಹೊಡೆದಿದ್ದ ಒಪ್ಪಿಗೆಯ ವಾಕ್ಯವನ್ನು ಒಂದು ತಪ್ಪೂ ಇಲ್ಲದೆ ಒಪ್ಪಿಸಿದೆ.

"ಈಗ ಬಂತು ನೋಡಿ," ಎಂದು ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಮರುದಿನ ಸಂಜೆ ಅಕ್ಕ ಮನೆಗೆ ಬಂದಳು. ಚಪ್ಪಲಿ ಬಿಡುವಾಗಲೇ ಅವಳ ಮುಖ ಅರಳಿತ್ತು.

"ಇವತ್ತು ಸಾಹೇಬ್ರು ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ ಫೋನಲ್ಲಿ ನಿನ್ ಮಾತು ಕೇಳಿಸಿದ್ರು ಕಣೇ. ನಿಮ್ಮೋರೇ ಕೂತು ಚರ್ಚೆ ಮಾಡಿ ಒಪ್ಪಿದ್ದಾರೆ, ನಾಳೆ ಎಲ್ರೂ ಒಂದು ಕಾಗದಕ್ಕೆ ಸಹಿ ಹಾಕ್ಬೇಕು ಅಂದ್ರು. ನಂಗೇನೂ ಅರ್ಥ ಆಗ್ಲಿಲ್ಲ. ಆದ್ರೂ ಎಲ್ಲರಿಗೂ ಹೇಳ್ದೆ, ಅದು ನನ್ ತಂಗಿ ಅಂತ."

ನಾನು ಅವಳ ಕೈಚೀಲ ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದೆ.

"ಅದೇನಂದೆ, ನಂಗೂ ಹೇಳು. ನಿಧಾನಕ್ಕೆ ಹೇಳು," ಎನ್ನುತ್ತ ಅಕ್ಕ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.