ಕಂಬಳಿಯ ಹಿಂದಿನ ಕೈ

ಆಸ್ಪತ್ರೆಯ ಪಕ್ಕದ ಫೋಟೊ ಡೇರೆಯಲ್ಲಿ ಆಸಾಹೆಲ್ ಟಟಲ್ ಎಂಬ ಸಿಪಾಯಿ ಎರಡು ಸಲ ಕ್ಯಾಮೆರಾದ ಮುಂದೆ ಕೂತು, ಚಿತ್ರ ಮೂಡಬೇಕಿದ್ದ ಎರಡು ತಗಡುಗಳನ್ನೂ ಹಾಳು ಮಾಡಿದ್ದ. ಅಮೆರಿಕದ ಅಂತರ್ಯುದ್ಧದಲ್ಲಿ, ವರ್ಜೀನಿಯಾದ ಕಂದಕವೊಂದರಲ್ಲಿ, ತೋಪಿನ ಗುಂಡಿನ ಚೂರೊಂದು ಅವನ ಎಡಗೆನ್ನೆಯನ್ನೂ ಅರ್ಧ ದವಡೆಯನ್ನೂ ಕಿತ್ತುಕೊಂಡು ಹೋಗಿತ್ತು. ಅಂದು ಹಿಡಿದ ನಡುಕ ಯುದ್ಧ ಮುಗಿದರೂ ಬಿಟ್ಟಿರಲಿಲ್ಲ. ಅಲುಗಿದ್ದರಿಂದ ಚಿತ್ರದಲ್ಲಿ ಮುಖವಿರಬೇಕಾದ ಕಡೆ ಬರೀ ಹೊಗೆಯಂಥ ಮಸುಕು. ತಲೆ ಅಲುಗದಂತೆ ಹಿಡಿಯುವ ಕಬ್ಬಿಣದ ಚಿಮಟ ಕುತ್ತಿಗೆಯ ಹಸಿಗಾಯಕ್ಕೆ ತಾಗುವುದರಿಂದ ಅದನ್ನೂ ಬಳಸುವಂತಿರಲಿಲ್ಲ.

"ನಾಳೆ ಬಾ ಮಾರಾಯ" ಎಂದ ಫೋಟೊ ತೆಗೆಯುವ ಜೆರೋಮ್.

"ನಾಳೆ ಆಗಲ್ಲಪ್ಪ, ಚಿತ್ರ ಇವತ್ತಿನ ಟಪಾಲಿಗೇ ಹೋಗ್ಬೇಕು. ಮಗಳಿಗೆ ಐದು ವರ್ಷ. ಮೊದ್ಲು ಚಿತ್ರ ನೋಡಿ ರೂಢಿ ಮಾಡ್ಕೊಳ್ಳಲಿ ಅಂತ ಹೆಂಡ್ತಿ ಬರೆದಿದಾಳೆ. ಇಲ್ದಿದ್ರೆ ನನ್ನನ್ನ ಬಾಗಿಲಲ್ಲಿ ನೋಡಿ ಕಿಟಾರನೆ ಕಿರುಚ್ತಾಳೆ."

ಜೆರೋಮನ ಹೆಂಡತಿ ಲೊವೀನಾ ತಗಡಿಗೆ ಚಿತ್ರ ಮೂಡಿಸುವ ಔಷಧಿ ಹುಯ್ಯುತ್ತಿದ್ದವಳು ಸೀಸೆ ಕೆಳಗಿಟ್ಟಳು. ಗಾಯದ ಚಿತ್ರ ಬೇಕೆಂದು ವೈದ್ಯರು ದಿನಾ ಹತ್ತು ಜನರನ್ನು ಈ ಡೇರೆಗೆ ಅಟ್ಟುತ್ತಿದ್ದರು. ಗಾಯ ಹೊತ್ತವನಿಗೆ ಏನು ಬೇಕೆಂದು ಒಬ್ಬ ಪುಣ್ಯಾತ್ಮನೂ ಕೇಳಿರಲಿಲ್ಲ. ಅವಳು ಮೂಲೆಯಲ್ಲಿದ್ದ ಕಪ್ಪು ಕಂಬಳಿ ಎತ್ತಿಕೊಂಡಳು. ಎಳೆಗೂಸುಗಳ ಚಿತ್ರ ತೆಗೆಯುವಾಗ ತಾಯಿ ಅದನ್ನು ತಲೆತುಂಬ ಹೊದ್ದು, ಕುರ್ಚಿಯಂತೆ ಕೂತು, ಕೂಸನ್ನು ಅಲುಗದಂತೆ ಹಿಡಿಯುವುದು ವಾಡಿಕೆ.

"ಇವನೇನು ಕೂಸಾ?" ಜೆರೋಮ್ ನಕ್ಕ.

"ಹೆದರ್ಬೇಡಿ ತಾಯಿ, ಮಡಿಲು ಒದ್ದೆ ಮಾಡಲ್ಲ" ಎಂದ ಆಸಾಹೆಲ್, ಉಳಿದರ್ಧ ಬಾಯಲ್ಲಿ.

"ಬಾಯ್ಮುಚ್ಕೊಂಡು ಕೂತ್ಕೊ" ಎಂದು ಗದರಿ ಲೊವೀನಾ ಅವನ ಬೆನ್ನ ಹಿಂದೆ ಕೂತು ಕಂಬಳಿ ಎಳೆದುಕೊಂಡಳು. ಕಂಬಳಿಯ ಒಳಗಿಂದಲೇ ಎರಡೂ ಕೈಗಳಿಂದ ಅವನನ್ನು ಬಾಚಿ ತಬ್ಬಿದಳು. ಬಲೆಗೆ ಬಿದ್ದ ಹಕ್ಕಿಯಂತೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. "ನಾನಿದೀನಿ, ನಿಧಾನಕ್ಕೆ ಉಸಿರು ಬಿಡಪ್ಪ" ಎಂದು ಬೆನ್ನಿಗೆ ಹಣೆ ಆನಿಸಿದಳು. ಆಸ್ಪತ್ರೆ ಸೇರಿದ ಮೇಲೆ ಗಾಯ ತೊಳೆಯಲಿಕ್ಕಲ್ಲದೆ ಅವನನ್ನು ಯಾರೂ ಮುಟ್ಟಿರಲಿಲ್ಲ. ನಡುಕ ಇಳಿಯುತ್ತ ಬಂತು. ಜೆರೋಮ್ ಕ್ಯಾಮೆರಾದ ಮುಚ್ಚಳ ತೆಗೆದು, ಹತ್ತು ಎಣಿಸಿ, ಮತ್ತೆ ಹಾಕಿದ.

ತಗಡು ತೊಳೆದಾಗ ಮುಖ ಸ್ಪಷ್ಟವಾಗಿ ಮೂಡಿತ್ತು. ಹೊಲಿಗೆ, ಕುಳಿಬಿದ್ದ ಕೆನ್ನೆ, ಎರಡು ಮೃದುವಾದ ಕಣ್ಣು. ಜೊತೆಗೆ, ಕಂಬಳಿ ಜಾರಿ, ಅವನ ಎದೆಯ ಮೇಲೆ ಲೊವೀನಾಳ ಕೈಯೂ ಬಂದಿತ್ತು, ಔಷಧಿಯಿಂದ ಕಪ್ಪಾದ ಬೆರಳುಗಳ ಸಮೇತ. ಅವಳಿಗೆ ನಾಚಿಕೆಯಾಯಿತು.

"ಬಣ್ಣ ಬಳಿದು ಕೈ ಮರೆಮಾಡ್ತೀನಿ" ಎಂದು ಜೆರೋಮ್ ಕುಂಚ ತೆಗೆದ.

ಆಸಾಹೆಲ್ ಅವನ ಮಣಿಕಟ್ಟು ಹಿಡಿದುಕೊಂಡ.

"ಬೇಡಪ್ಪ. ನನ್ನ ಮುಟ್ಟಿದ್ರೆ ಏನೂ ಆಗಲ್ಲ ಅಂತ ಮಗು ನೋಡ್ಲಿ."