ಹದದ ವಾಸನೆ

ಸಿಡುಕ ಎಂದು ಅವನಿಗೆ ಹೆಸರಿಟ್ಟದ್ದು ಬೀದಿಯವರು. ಸುಮ್ಮನೆ ಇಟ್ಟದ್ದಲ್ಲ, ಅಂಗಡಿಯ ಒಲೆ ಹೊತ್ತಿಕೊಳ್ಳುವ ಮೊದಲೇ ಇವನು ಹೊತ್ತಿಕೊಂಡಿರುತ್ತಿದ್ದ. ಅಂದು ಬೆಳಿಗ್ಗೆ ಮೈದಾ ಮೂಟೆ ಹೊತ್ತು ಒಳಗೆ ಕಾಲಿಟ್ಟವನ ಮುಖಕ್ಕೆ ಹುಳಿ ನಾತ ರಪ್ಪೆಂದು ಬಡಿಯಿತು.

ಅವರದು ಖಾರದ ಬನ್ನಿನ ಅಂಗಡಿ. ಅಮ್ಮ ಸಂಜೆಯೇ ಹಿಟ್ಟು ನಾದಿ ಫ್ರಿಜ್ಜಿನಲ್ಲಿಡುವಳು. ಬೆಳಿಗ್ಗೆ ಗಿರಾಕಿ ಬಂದಂತೆ ಉಂಡೆ ಕಿತ್ತು, ತಟ್ಟಿ, ಹುರಿದ ಈರುಳ್ಳಿ ಆಲೂಗಡ್ಡೆ ತುಂಬಿ, ಅಂಚು ಒತ್ತಿ ಮುಚ್ಚಿ ಒಲೆಗೆ ತಳ್ಳುವಳು. ಗಿರಾಕಿ ನಾಲ್ಕು ಮಾತಾಡಿ ಮುಗಿಸುವಷ್ಟರಲ್ಲಿ ಬನ್ನು ತಯಾರು. ಆದರೆ ಆ ಮುದಿ ಫ್ರಿಜ್ಜಿಗೆ ತಲೆ ನೆಟ್ಟಗಿರಲಿಲ್ಲ. ಒಂದು ದಿನ ಮಂಜುಗಡ್ಡೆ, ಇನ್ನೊಂದು ದಿನ ತಂಪೇ ಇಲ್ಲದ ಬರೀ ಬಟ್ಟೆ ಬೀರು. ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಗಡಿಯಾರ ನೋಡಿ ಹೇಳುವಂತಿರಲಿಲ್ಲ. ಅಮ್ಮನ ಮೂಗೇ ಹೇಳಬೇಕು. ಬಟ್ಟೆ ಸರಿಸಿ, ಬಾಗಿ, ಒಂದೇ ಒಂದು ಉಸಿರು ಎಳೆದು ಅವಳು ಬೇಡ ಎಂದರೆ ಬೇಡ, ಅಷ್ಟೇ. ಅಂಗಡಿ ನಿಂತದ್ದೇ ಆ ಮೂಗಿನ ಮೇಲೆ.

ಕಿಟಕಿಯಾಚೆ ಗ್ಯಾರೇಜಿನ ಮೇಸ್ತ್ರಿ ಅರ್ಧ ಕಚ್ಚಿದ ಬನ್ನು ಹಿಡಿದು ನಿಂತಿದ್ದ.

"ಏನಕ್ಕಾ, ಇವತ್ತು ಹಿಟ್ಟಿಗೆ ಮೊಸರು ಸುರಿದ್ರಾ? ಹಲ್ಲು ಚುಳ್ ಅಂತು!"

"ನಾನೇ ಮೂಸಿ ನೋಡಿದ್ದೀನಿ. ನಿಮ್ಮ ಬಾಯೇ ಹುಳಿ ಆಗಿರ್ಬೇಕು" ಎಂದಳು ಅಮ್ಮ.

"ಇರಬಹುದು ಬಿಡಿ. ಮನೇಲೂ ಅದೇ ಮಾತು" ಎಂದು ಮೇಸ್ತ್ರಿ ನಕ್ಕ. ಬನ್ನನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಹೊರಟೇಹೋದ.

ಸಿಡುಕ ಮೂಟೆಯನ್ನು ಧಡಾರನೆ ಕೆಡವಿದ. "ಅಮ್ಮಾ, ನಿಂಗೆ ಮೂಗಿದೆಯೋ ಇಲ್ವೋ? ಬೀದಿ ಆ ತುದಿಗೆ ನಾರ್ತಿದೆ!"

ಉಂಡೆ ತಟ್ಟುತ್ತಿದ್ದ ಕೈ ನಿಂತಿತು. ಅಮ್ಮ ಮಗನತ್ತ ನೋಡಲಿಲ್ಲ, ಒಲೆಯ ಪಕ್ಕ ಮೂಗಿಗೆ ಟವಲು ಒತ್ತಿಕೊಂಡು ಕೂತಿದ್ದ ಅಪ್ಪನತ್ತ ನೋಡಿದಳು.

"ನೀವು ಕೆಮ್ಮಿದ್ರಲ್ಲಾ!"

"ಶೀತ ಕಣೇ" ಎಂದ ಅಪ್ಪ, ಸಿಕ್ಕಿಬಿದ್ದ ಕಳ್ಳನ ಹಾಗೆ. "ಅದು ಶೀತದ ಕೆಮ್ಮು."

"ಅಪ್ಪ ಕೆಮ್ಮೋದಕ್ಕೂ ಹಿಟ್ಟಿಗೂ ಏನು ಸಂಬಂಧ? ನನ್ನೇನು ಮಂಗ ಮಾಡ್ತಿದ್ದೀರಾ ಇಬ್ರೂ?"

ಸಂಬಂಧ ಏನೆಂದು ಅಮ್ಮ ತುಂಡು ತುಂಡಾಗಿ ಹೇಳಿದಳು. ಹೋದ ಚಳಿಗಾಲದ ಜ್ವರದಲ್ಲಿ ಅವಳ ಮೂಗು ಸತ್ತುಹೋಗಿತ್ತು. ಸೋಪಿಲ್ಲ, ಹೊಗೆಯಿಲ್ಲ, ಸೀದ ಈರುಳ್ಳಿಯೂ ಇಲ್ಲ. ಅಂದಿನಿಂದ ಅಪ್ಪ ಮೊದಲು ಹೋಗಿ ಮೂಸುವುದು, ಸರಿಯಿದ್ದರೆ ಒಮ್ಮೆ ಕೆಮ್ಮುವುದು, ಆಮೇಲೆ ಅಮ್ಮ ಎಲ್ಲರೆದುರು ಬಾಗಿ ಉಸಿರೆಳೆಯುವುದು. ಗಿರಾಕಿಗಳೆದುರು ಮಾತ್ರವಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಎದುರೂ ಅದೇ ನಾಟಕ.

"ನಿಮ್ಮಪ್ಪಂದೋ ಸಿಗರೇಟು ಸುಟ್ಟ ಮೂಗು. ಅರ್ಧಕ್ಕರ್ಧ ದಿನ ಅಂದಾಜಿಗೇ ಕೆಮ್ಮಿರ್ತಾರೆ. ಗಿರಾಕಿ ಯಾಕೆ ಕಮ್ಮಿ ಆಗ್ತಿದ್ದಾರೆ ಅಂದ್ಕೊಂಡೆ?"

"ಡಾಕ್ಟ್ರು?"

"ವಾಸನೆ ವಾಪಸ್ ಬಂದ್ರೆ ಬರಬಹುದು, ಇಲ್ಲಾಂದ್ರೆ ಇಲ್ಲ ಅಂದ್ರು. ಮಾತ್ರೆ ಇಲ್ವಂತೆ."

ಸಿಡುಕನಿಗೆ ಯಾರದಾದರೂ ಕುತ್ತಿಗೆಪಟ್ಟಿ ಹಿಡಿಯಬೇಕೆನಿಸಿತು. ಡಾಕ್ಟರು ಇದ್ದುದನ್ನೇ ಹೇಳಿದ್ದ. ಅಪ್ಪ ಕೂತಲ್ಲೇ ಸೀನಿದ. ಜ್ವರಕ್ಕೆ ಕುತ್ತಿಗೆಯೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಹುಳಿ ಹಿಟ್ಟನ್ನು ತೊಟ್ಟಿಸಮೇತ ಎತ್ತಿ ಹಿತ್ತಿಲಿಗೆ ಸುರಿದು ಬಂದ. ಸುರಿದ ಮೇಲೂ ಸಿಟ್ಟು ಇದ್ದಲ್ಲೇ ಇತ್ತು.

ಫ್ರಿಜ್ಜಿನಲ್ಲಿ ಇನ್ನೊಂದು ತೊಟ್ಟಿ ಹಿಟ್ಟು ಉಳಿದಿತ್ತು. ಅದನ್ನು ತಂದು ಮೇಜಿನ ಮೇಲೆ ಕುಕ್ಕಿದ.

"ಇನ್ಮೇಲೆ ನಾನು ಮೂಸ್ತೀನಿ. ಹದದ ವಾಸನೆ ಹೇಗಿರುತ್ತೆ, ಹೇಳು."

ಬಟ್ಟೆ ಸರಿಸಿ ಬಾಗಿದ. ಉಸಿರೆಳೆದ.

"ಏನು ಬಂತು?" ಅಮ್ಮ ಕೇಳಿದಳು.

"ಹಿಟ್ಟಿನ ವಾಸನೆ."

"ಅದು ಯಾವಾಗ್ಲೂ ಇರುತ್ತೆ ಕಣೋ. ಅದರ ಹಿಂದೆ?"

"ಹಿಂದೆ ಅಂದ್ರೆ? ಸರಿಯಾಗಿ ಹೇಳು!"

ಅಮ್ಮ ಕಣ್ಣು ಮುಚ್ಚಿದಳು. "ಸಿಹಿ ಥರ... ಅಲ್ಲ, ಸಿಹಿ ಅಲ್ಲ. ಒಂಥರಾ ಬೆಚ್ಚಗೆ. ನೀನು ಕೂಸಾಗಿದ್ದಾಗ ನಿನ್ನ ನೆತ್ತಿ ಹತ್ರ ಒಂದು ವಾಸನೆ ಬರೋದು ನೋಡು, ಹೆಚ್ಚುಕಮ್ಮಿ..." ಅವಳು ಕಣ್ಣು ತೆರೆದಳು. "ಅದು ಹೇಗಿತ್ತು ಅಂತಾನೂ ಈಗ ಬರ್ತಿಲ್ಲ."

ಅಪ್ಪ ಟವಲಿನಲ್ಲಿ ಮುಖ ಹುದುಗಿಸಿದ.

ಕಿಟಕಿಯಲ್ಲಿ ಶಾಲೆಯ ಟೀಚರಮ್ಮ ಬಂದು ನಿಂತಳು. "ನಾಲ್ಕು ಬನ್ನು ಬೇಕಿತ್ತು. ಈಗ ಸಿಗುತ್ತಾ, ಆಮೇಲೆ ಬರ್ಲಾ?"

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಅಮ್ಮ, ಏನು ಹೇಳಲಿ ಎಂಬಂತೆ ಮಗನ ಮುಖ ನೋಡಿದಳು. ಅವನು ಮತ್ತೆ ಬಾಗಿ, ಮೂಗಿಗೆ ಹಿಟ್ಟು ಮೆತ್ತಿಕೊಳ್ಳುವಷ್ಟು ಹತ್ತಿರ ಹೋಗಿ, ಎದೆ ನೋಯುವವರೆಗೆ ಉಸಿರೆಳೆದ.

"ಒಂದ್ನಿಮಿಷ" ಎಂದ. ಟೀಚರಮ್ಮ ಕಾದಳು. ಹಿಟ್ಟು ತನ್ನ ಪಾಡಿಗೆ ಉಬ್ಬುತ್ತಲೇ ಇತ್ತು.